ಅಪ್‌ಡೇಟ್: ಕಪ್ಪು ಹೊಗೆಯ ಮೂಲ ಸಿಕ್ಕಿತು

ಎಂಜಿನ್ ಬಿಸಿಯಾದ ಮೇಲೂ ನನ್ನ ಹಳೆಯ ಸ್ಪೋರ್ಟ್ಸ್ ಕಾರು ಕಪ್ಪು ಹೊಗೆ ಉಗುಳುತ್ತದೆ, ಸ್ಪಾರ್ಕ್ ಪ್ಲಗ್‌ಗಳಿಗೆ ಮಸಿ ಹಿಡಿಯುತ್ತದೆ, ಪೆಟ್ರೋಲ್ ನೀರಿನಂತೆ ಖರ್ಚಾಗುತ್ತಿದೆ ಎಂದು ಕೇಳಿದ್ದೆ. ಅದರಲ್ಲಿರುವುದು ಎಲ್-ಜೆಟ್ರಾನಿಕ್, ಅಂದರೆ ಒಳಬರುವ ಗಾಳಿಯನ್ನು ಅಳೆದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಸಿಂಪಡಿಸುವ ಬಾಷ್ ಕಂಪನಿಯ ಹಳೆಯ ಎಲೆಕ್ಟ್ರಾನಿಕ್ ಇಂಜೆಕ್ಷನ್ ವ್ಯವಸ್ಥೆ.

ಮೊದಲು ಇಂಧನದ ಒತ್ತಡ ಕಾಯುವ ಪ್ರೆಷರ್ ರೆಗ್ಯುಲೇಟರ್‌ನ ವ್ಯಾಕ್ಯೂಮ್ ಪೈಪ್ ಕಳಚಿ ಮೂಸಿ ನೋಡಿದೆ. ಅದರೊಳಗೆ ಪೆಟ್ರೋಲ್ ಇದ್ದರೆ ಡಯಾಫ್ರಾಮ್ ಹರಿದಿದೆ ಎಂದರ್ಥ, ಪೂರ್ತಿ ಒಣಗಿತ್ತು. ಇಂಧನದ ಒತ್ತಡ ಇರಬೇಕಾದಂತೆ 2.5 ಬಾರ್. ತಣ್ಣಗಿನ ಎಂಜಿನ್ ಚಾಲೂ ಮಾಡುವಾಗ ಹೆಚ್ಚುವರಿ ಪೆಟ್ರೋಲ್ ಕೊಡುವ ಕೋಲ್ಡ್ ಸ್ಟಾರ್ಟ್ ಇಂಜೆಕ್ಟರ್ ಸಹ ತೊಟ್ಟಿಕ್ಕುತ್ತಿರಲಿಲ್ಲ.

ದಾರಿ ತಪ್ಪಿಸಿದ್ದು ಕೂಲಂಟ್ ತಾಪಮಾನದ ಸೆನ್ಸರ್. ಬಿಸಿ ಏರಿದಷ್ಟೂ ಇದರ ರೋಧ ಇಳಿಯುತ್ತದೆ. 80 ಡಿಗ್ರಿಯಲ್ಲಿ ಅದರ ರೋಧ ಸುಮಾರು 300 ಓಮ್ ಇರಬೇಕು, ಅಷ್ಟೇ ಇತ್ತು. ಸರಿಯಿದೆ ಎಂದು ಬಿಟ್ಟುಬಿಟ್ಟಿದ್ದೆ. ಅದೇ ಅಳತೆಯನ್ನು ಇಸಿಯು (ಇಂಜೆಕ್ಷನ್ ನಿಯಂತ್ರಿಸುವ ಕಂಪ್ಯೂಟರ್) ತುದಿಯ ವೈರಿಂಗ್ ಪ್ಲಗ್‌ನಲ್ಲೂ ತೆಗೆಯಿರಿ ಎಂದವರಿಗೆ ನಾನು ಋಣಿ. ಅಲ್ಲಿ ಮೀಟರ್ 2,000 ಓಮ್ ದಾಟಿತ್ತು! ಸೆನ್ಸರ್ ಕನೆಕ್ಟರ್‌ನ ರಬ್ಬರ್ ಹೊದಿಕೆ ಸರಿಸಿದರೆ ಒಳಗೆಲ್ಲ ಹಸಿರು ಕಿಲುಬು. ತಂತಿ ಎರಡೇ ಎಳೆಗಳಲ್ಲಿ ನೇತಾಡುತ್ತಿತ್ತು. ಆ ಹೆಚ್ಚುವರಿ ರೋಧವನ್ನು ಕಂಡು ಇಸಿಯು ಎಂಜಿನ್ ಇನ್ನೂ ತಣ್ಣಗಿದೆ ಎಂದು ಲೆಕ್ಕ ಹಾಕಿ, ಇಂಜೆಕ್ಟರ್‌ಗಳನ್ನು ಹೆಚ್ಚು ಹೊತ್ತು ತೆರೆದಿಡುತ್ತಿತ್ತು. ಕಪ್ಪು ಹೊಗೆ ಆ ಹೆಚ್ಚುವರಿ ಪೆಟ್ರೋಲಿನದ್ದೇ.

ಪೆಟ್ರೋಲ್ ಕಡಿಮೆ ಮಾಡಲು, ಒಳಬರುವ ಗಾಳಿ ಅಳೆಯುವ ಏರ್ ಫ್ಲೋ ಮೀಟರ್‌ನ ಸ್ಪ್ರಿಂಗ್ ಬಿಗಿ ಮಾಡಿಬಿಡೋಣವೇ ಎಂದು ಒಮ್ಮೆ ಯೋಚಿಸಿದ್ದೆ. ಸದ್ಯ, ಅದಕ್ಕೆ ಕೈ ಹಾಕಲಿಲ್ಲ. ಹಾಕಿದ್ದರೆ ಒಂದು ದೋಷವನ್ನು ಇನ್ನೊಂದರಿಂದ ಮುಚ್ಚಿದಂತಾಗುತ್ತಿತ್ತು.

ಹೊಸ ಕನೆಕ್ಟರ್ ಹಾಕಿದ ಮೇಲೆ ಎರಡೂ ಕಡೆಯ ಅಳತೆ ಒಂದೇ ಬರುತ್ತಿದೆ. ನಿನ್ನೆ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ನೋಡಿದೆ: ನಾಲ್ಕರ ತುದಿಯೂ ತಿಳಿಗಂದು, ಅಂದರೆ ಪೆಟ್ರೋಲ್ ಸರಿಯಾಗಿ ಉರಿಯುತ್ತಿದೆ.