ಹೊಸ ಮಾದರಿ ಬಂದಾಗ ಸೀಮಿತ ಸಂಖ್ಯೆಯ ಸ್ಪೋರ್ಟ್ಸ್ ಕಾರುಗಳ ಬೆಲೆ ನಿಜಕ್ಕೂ ಬೀಳುತ್ತದೆಯೇ?

ಏಳನೇಗೇರ್ (ಪ್ರಶ್ನೆ):

ಕೇವಲ 500 ತಯಾರಾದ ಮೆಕ್‌ಲಾರೆನ್ 675 ಎಲ್‌ಟಿ ಕೂಪೆಯೊಂದನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಳ್ಳುವ ಯೋಚನೆಯಲ್ಲಿದ್ದೇನೆ. ಕಾರು ಹೇಗಿದೆ ಎಂಬುದರಲ್ಲಿ ನನಗೆ ಗೊಂದಲವಿಲ್ಲ. ಗೊಂದಲವಿರುವುದು ಅದರ ಬೆಲೆಯ ಬಗ್ಗೆ. 2015ರಲ್ಲಿ ಬಂದಾಗ ಕಂಪನಿಯ ಸರಣಿಯಲ್ಲಿ ಅದಕ್ಕೊಂದು ವಿಶೇಷ ಸ್ಥಾನವಿತ್ತು. ಎರಡೇ ವರ್ಷಗಳಲ್ಲಿ, ಸಂಖ್ಯೆಯ ಮಿತಿಯೇ ಇಲ್ಲದ 720ಎಸ್ ಬಂದು ಅಶ್ವಶಕ್ತಿಯಲ್ಲಿ ಅದನ್ನು ಹಿಂದೆ ಹಾಕಿತು. 2020ರಲ್ಲಿ 765 ಎಲ್‌ಟಿ ಬಂದ ಮೇಲೆ ಎಲ್‌ಟಿ (ಲಾಂಗ್‌ಟೇಲ್, ಅಂದರೆ ಉದ್ದ ಬಾಲ) ಎಂಬ ಹೆಸರೂ ಅದೊಂದರ ಸ್ವತ್ತಾಗಿ ಉಳಿಯಲಿಲ್ಲ.

ತಯಾರಿಕೆ ಮುಗಿದಿದೆ, 501ನೆಯದು ಎಂದಿಗೂ ಬರುವುದಿಲ್ಲ, ಆದ್ದರಿಂದ ಬೆಲೆ ಒಂದು ಮಟ್ಟಕ್ಕಿಂತ ಕೆಳಗಿಳಿಯದು ಎಂದು ಮಾರುವವರು ಹೇಳುತ್ತಾರೆ. ಹೊಸದೊಂದು ಬಂದಾಗಲೆಲ್ಲ ಹಳೆಯದು ಒಂದು ಮೆಟ್ಟಿಲು ಇಳಿದೇ ಇಳಿಯುತ್ತದೆ ಎಂದು ಕೊಳ್ಳುವವರು ಹೇಳುತ್ತಾರೆ. ಇಬ್ಬರ ಮಾತಿನಲ್ಲೂ ಅವರವರ ಲಾಭ ಅಡಗಿರುವುದರಿಂದ, ಈ ಮಾರುಕಟ್ಟೆಯನ್ನು ಹಲವು ವರ್ಷಗಳಿಂದ ಗಮನಿಸುತ್ತ ಬಂದವರ ಅಭಿಪ್ರಾಯ ನನಗೆ ಬೇಕಾಗಿದೆ. ಈ ಸರಣಿಯ ಮುಂದಿನ ಕಾರು ಘೋಷಣೆಯಾಗುವವರೆಗೆ ಕಾಯುವುದು ಜಾಣತನವೇ?

ಚಪ್ಪಟೆಆರು:

ನಿಮ್ಮ ಪ್ರಶ್ನೆಗೆ ಪೋರ್ಷೆ 911 ಆರ್‌ಗಿಂತ ಸ್ಪಷ್ಟವಾದ ಉದಾಹರಣೆ ನನಗೆ ಕಾಣುವುದಿಲ್ಲ. 2016ರಲ್ಲಿ 991 ಕಾರುಗಳಿಗೆ ಸೀಮಿತವಾಗಿ ಬಂದ ಅದರಲ್ಲಿ ಟರ್ಬೊ ಇಲ್ಲದ 4.0 ಲೀಟರ್‌ನ, 500 ಅಶ್ವಶಕ್ತಿಯ ಎಂಜಿನ್ನಿಗೆ ಆರು ಗೇರುಗಳ ಮ್ಯಾನುಯಲ್ ಗೇರ್‌ಬಾಕ್ಸ್ ಜೋಡಿಸಲಾಗಿತ್ತು. 911ರದೇ ರೇಸ್ ಟ್ರ್ಯಾಕಿಗೆ ಹೊಂದುವ ಆವೃತ್ತಿಯಾದ ಆಗಿನ ಜಿಟಿ3ಯಲ್ಲಿ ಮ್ಯಾನುಯಲ್ ಸಿಗುತ್ತಲೇ ಇರಲಿಲ್ಲ. ಪೋರ್ಷೆ ಅದನ್ನು ಕೈಬಿಟ್ಟಿದೆ ಎಂದೇ ಎಲ್ಲರೂ ನಂಬಿದ್ದರು. ಹೀಗಾಗಿ ಅಮೆರಿಕದಲ್ಲಿ 1,84,900 ಡಾಲರ್ ಮೂಲ ಬೆಲೆಯಿದ್ದ ಕಾರಿಗೆ ಕೆಲವೇ ತಿಂಗಳುಗಳಲ್ಲಿ ಹತ್ತು ಲಕ್ಷ ಡಾಲರ್‌ವರೆಗೂ ಕೇಳುವವರು ಹುಟ್ಟಿಕೊಂಡರು.

2017ರ ಮಾರ್ಚ್‌ನಲ್ಲಿ ಜಿನೀವಾ ಪ್ರದರ್ಶನದಲ್ಲಿ ಪರಿಷ್ಕೃತ ಜಿಟಿ3 ಬಂತು. ಅದೇ 4.0 ಲೀಟರ್, ಅದೇ 500 ಅಶ್ವಶಕ್ತಿ, ಬೇಕೆಂದವರಿಗೆ ಆರು ಗೇರುಗಳ ಮ್ಯಾನುಯಲ್. ಅದೇ ವರ್ಷದ ಕೊನೆಯ ಭಾಗದಲ್ಲಿ, ಹಿಂಬದಿಯ ದೊಡ್ಡ ರೆಕ್ಕೆಯನ್ನು ತೆಗೆದ ಟೂರಿಂಗ್ ಪ್ಯಾಕೇಜ್ ಬಂದಾಗ 911 ಆರ್‌ನ ಸರಳ ನೋಟವೂ ಮಾಮೂಲಿ ಗಿರಾಕಿಯ ಕೈಗೆ ಎಟುಕಿತು. ಆರ್ ಬೆಲೆ ಗಣನೀಯವಾಗಿ ಕುಸಿಯಿತು. ಆದರೆ ಜಗತ್ತಿನಲ್ಲಿದ್ದ 911 ಆರ್‌ಗಳ ಸಂಖ್ಯೆಯಲ್ಲಿ ಒಂದೂ ಹೆಚ್ಚಾಗಿರಲಿಲ್ಲ ಎಂಬುದನ್ನು ಗಮನಿಸಿ. ಜನ ಹೆಚ್ಚುವರಿ ಹಣ ಕೊಡುತ್ತಿದ್ದದ್ದು ಡ್ಯಾಶ್‌ಬೋರ್ಡಿನ ಮೇಲಿನ ಕ್ರಮಸಂಖ್ಯೆಗೆ ಎಂದು ಮಾಲೀಕರು ಭಾವಿಸಿದ್ದರು. ಬಹುಪಾಲು ಹಣ ಹೋಗುತ್ತಿದ್ದದ್ದು ಎಡಗಾಲಿನ ಪೆಡಲಿಗೆ, ಅಂದರೆ ಮ್ಯಾನುಯಲ್ ಗೇರಿನ ಕ್ಲಚ್ಚಿಗೆ. ಆ ಪೆಡಲ್ ಬೇರೆ ಕಾರಿನಲ್ಲೂ ಸಿಕ್ಕಿತು, ಬೆಲೆ ಇಳಿಯಿತು.

ಹಾಗೆಂದು ಅದು ಮೂಲ ಬೆಲೆಗಿಂತ ಕೆಳಗೆ ಹೋಗಲಿಲ್ಲ. ನಷ್ಟವಾದದ್ದು ಶಿಖರದಲ್ಲಿ ಕೊಂಡವರಿಗೆ. ಇಂಥ ಮರುಮಾರಾಟಗಾರರ ಕಾಟ ತಪ್ಪಿಸಲೆಂದೇ ಪೋರ್ಷೆ 2023ರಲ್ಲಿ 1,963 ಸಂಖ್ಯೆಯ 911 ಎಸ್/ಟಿ ತಂದಾಗ, ಅಮೆರಿಕದಲ್ಲಿ ಮೊದಲ ಒಂದು ವರ್ಷ ಕಾರನ್ನು ಲೀಸ್ ಮೇಲಷ್ಟೇ ಕೊಟ್ಟಿತು.

ಹರಾಜುಕಟ್ಟೆ:

ಚಪ್ಪಟೆಆರು ಅವರ ವಾದವನ್ನು ಒಪ್ಪುತ್ತೇನೆ, ಮತ್ತು ಅದನ್ನು ತಿರುಗಿಸಿಯೂ ನೋಡಬಹುದು ಎನ್ನುತ್ತೇನೆ: ಹೊಸ ಮಾದರಿ ಹಳೆಯದರ ಗುಣವನ್ನು ಕೊಡದೆ ಕೈಬಿಟ್ಟರೆ ಹಳೆಯದು ಏರುತ್ತದೆ. 2005 ಮತ್ತು 2006ರ ಫೋರ್ಡ್ ಜಿಟಿಯಲ್ಲಿ 5.4 ಲೀಟರ್‌ನ ಸೂಪರ್‌ಚಾರ್ಜ್ ವಿ8 (ಎಂಟು ಸಿಲಿಂಡರಿನ) ಎಂಜಿನ್ ಮತ್ತು ಮ್ಯಾನುಯಲ್ ಗೇರ್ ಇದ್ದವು. ಒಟ್ಟು 4,038 ಕಾರುಗಳು ತಯಾರಾದವು. ಹತ್ತು ವರ್ಷಗಳ ನಂತರ ಬಂದ ಎರಡನೆಯ ಜಿಟಿ ಎಲ್ಲ ಅಳತೆಯಲ್ಲೂ ವೇಗದ್ದು, ಸಂಖ್ಯೆಯಲ್ಲಿಯೂ ಕಡಿಮೆ. ಆದರೆ ಅದರಲ್ಲಿದ್ದದ್ದು ಟರ್ಬೊ ವಿ6 ಮತ್ತು ಡ್ಯುಯಲ್ ಕ್ಲಚ್ (ಕ್ಲಚ್ ಪೆಡಲ್ ಇಲ್ಲದ ಗೇರ್‌ಬಾಕ್ಸ್). ಹಳೆಯದು ಕುಸಿಯಲಿಲ್ಲ, ಇಂದಿಗೂ ಅದರ ಬೆಲೆ ಮೂಲ ಬೆಲೆಯ ಎರಡು ಪಟ್ಟಿಗೂ ಮೇಲಿದೆ. 2015ರಲ್ಲಿ ಫೆರಾರಿ 488 ಜಿಟಿಬಿ ಟರ್ಬೊದೊಂದಿಗೆ ಬಂದಾಗ ಅದರ ಹಿಂದಿನ 458 ಸ್ಪೆಚಾಲೆಗೂ ಹೀಗೆಯೇ ಆಯಿತು. 9,000 ಆರ್‌ಪಿಎಂವರೆಗೆ ಏರುವ ಆ ವಿ8ನ ಕೂಗು ಮುಂದಿನ ಕಾರಿನಲ್ಲಿ ಇರಲಿಲ್ಲ. ಸ್ಪೆಚಾಲೆ ಕೂಪೆಗೆ ಸಂಖ್ಯೆಯ ಮಿತಿ ಘೋಷಿಸಿರಲೇ ಇಲ್ಲ ಎಂಬುದನ್ನೂ ನೆನಪಿಡಬೇಕು. 499ರ ಮಿತಿ ಇದ್ದದ್ದು ತೆರೆದ ಮಾಡಿನ ಸ್ಪೆಚಾಲೆ ಎ ಕಾರಿಗೆ.

ಆದರೆ ಎಲ್ಲವನ್ನೂ ಹೊಸ ಮಾದರಿಯ ತಲೆಗೆ ಕಟ್ಟುವುದು ಸರಿಯಲ್ಲ. ಜಾಗ್ವಾರ್ ಎಕ್ಸ್‌ಜೆ220 ನೋಡಿ. 1988ರ ಬರ್ಮಿಂಗ್‌ಹ್ಯಾಂ ಪ್ರದರ್ಶನದಲ್ಲಿ ಅದನ್ನು ವಿ12 ಎಂಜಿನ್ ಮತ್ತು ನಾಲ್ಕು ಚಕ್ರಗಳ ಚಾಲನೆಯೊಂದಿಗೆ ತೋರಿಸಲಾಯಿತು. ತಯಾರಾಗಿ ಬಂದದ್ದು 3.5 ಲೀಟರ್‌ನ ಟರ್ಬೊ ವಿ6, ಎರಡು ಚಕ್ರಗಳ ಚಾಲನೆ, ಸುಮಾರು 4,70,000 ಪೌಂಡ್ ಬೆಲೆ. ಅಷ್ಟರಲ್ಲಿ ಬ್ರಿಟನ್ನಿನಲ್ಲಿ ಆರ್ಥಿಕ ಹಿಂಜರಿತ ಶುರುವಾಗಿತ್ತು. ಮುಂಗಡ ಕೊಟ್ಟವರಲ್ಲಿ ಕೆಲವರು ಒಪ್ಪಂದದಿಂದ ಬಿಡಿಸಿಕೊಳ್ಳಲು ನ್ಯಾಯಾಲಯಕ್ಕೆ ಹೋದರು. 350 ಎಂದಿದ್ದ ಕಾರು ಮುನ್ನೂರನ್ನೂ ಮುಟ್ಟಲಿಲ್ಲ, ಮತ್ತು ಅಷ್ಟು ಅಪರೂಪವಾಗಿದ್ದೂ ದಶಕಗಳ ಕಾಲ ಮೂಲ ಬೆಲೆಗಿಂತ ಬಹಳ ಕೆಳಗೆ ಬಿದ್ದಿತ್ತು. ಲೆಕ್ಸಸ್ ಎಲ್‌ಎಫ್‌ಎ ಇನ್ನೂ ವಿಚಿತ್ರ. 3,75,000 ಡಾಲರ್ ಬೆಲೆಯ ಕೇವಲ 500 ಕಾರುಗಳಲ್ಲಿ ಕೆಲವು, ತಯಾರಿಕೆ 2012ರಲ್ಲಿ ಮುಗಿದ ಎಷ್ಟೋ ವರ್ಷಗಳ ಮೇಲೂ ಹೊಸದಾಗಿಯೇ ಡೀಲರುಗಳ ಬಳಿ ಉಳಿದಿದ್ದವು. ಅದನ್ನು ಹಳತಾಗಿಸುವ ಹೊಸ ಮಾದರಿ ಯಾವುದೂ ಬಂದಿರಲಿಲ್ಲ. ಈಗ ಅದಕ್ಕೆ ಮೂಲ ಬೆಲೆಗಿಂತ ಎಷ್ಟೋ ಹೆಚ್ಚು ಕೊಡಬೇಕು.

ಇನ್ನೊಂದು ಮಾತು. ‘ಸೀಮಿತ’ ಎಂದು ಕಂಪನಿ ಹೇಳಿದ್ದು ಶಾಸನವೇನಲ್ಲ. ಫೆರಾರಿ ಎಫ್40 ಸುಮಾರು 400 ಎಂದು ಶುರುವಾಗಿ 1,311ಕ್ಕೆ ನಿಂತಿತು. ಎರಡನೆಯ ಫೋರ್ಡ್ ಜಿಟಿ 500ರಿಂದ 1,000ಕ್ಕೆ, ಅಲ್ಲಿಂದ 1,350ಕ್ಕೆ ಬೆಳೆಯಿತು.

ಏಳನೇಗೇರ್:

ಇಬ್ಬರಿಗೂ ಧನ್ಯವಾದಗಳು. ಇದೇ ಅಳತೆಗೋಲನ್ನು 675 ಎಲ್‌ಟಿಗೆ ಹಚ್ಚಿದರೆ ಉತ್ತರ ಅಷ್ಟೇನೂ ಹಿತವಾಗಿಲ್ಲ. ಎರಡು ಟರ್ಬೊಗಳ ವಿ8, ಏಳು ಗೇರುಗಳ ಡ್ಯುಯಲ್ ಕ್ಲಚ್, ಕಾರ್ಬನ್ ಫೈಬರ್ ಒಡಲು, ಹೈಡ್ರಾಲಿಕ್ ಸ್ಟೀರಿಂಗ್, ಇವೆಲ್ಲವೂ 765 ಎಲ್‌ಟಿಯಲ್ಲಿವೆ. ಶಕ್ತಿ ಮಾತ್ರ ಇನ್ನೂ ಹೆಚ್ಚು. ಇದರಲ್ಲಿದ್ದು ಅದರಲ್ಲಿಲ್ಲದ್ದು ಯಾವುದು ಎಂದು ಕೇಳಿಕೊಂಡರೆ, 1997ರ ಮೆಕ್‌ಲಾರೆನ್ ರೇಸ್ ಕಾರು ಎಫ್1 ಜಿಟಿಆರ್‌ನ ‘ಲಾಂಗ್‌ಟೇಲ್’ ಹೆಸರನ್ನು ರಸ್ತೆಯ ಕಾರಿಗೆ ಮೊದಲು ತಂದದ್ದು ಇದು ಎಂಬ ಹೆಗ್ಗಳಿಕೆಯೊಂದೇ ಉಳಿಯುತ್ತದೆ. ಅದಕ್ಕೆ ಎಷ್ಟು ಬೆಲೆ ಕಟ್ಟಬೇಕು?

ಕಪ್ಪುಗ್ರೀಸ್:

ಮೊದಲನೆಯದು ಎಂಬುದಕ್ಕೆ ಸಂಗ್ರಾಹಕರು ಬೆಲೆ ಕಟ್ಟುತ್ತಾರೆ, ಆದರೆ ನಿಧಾನವಾಗಿ. ನಾನು ಕಾರಿನ ಅಡಿಯಲ್ಲಿ ಮಲಗಿ ಕೆಲಸ ಮಾಡುವವನಾದ್ದರಿಂದ ಬೇರೊಂದು ಕಡೆಯಿಂದ ಹೇಳುತ್ತೇನೆ. ಮಾದರಿಯ ಬೆಲೆಯ ಬಗ್ಗೆ ಇಷ್ಟು ಚರ್ಚಿಸುವವರು ತಮ್ಮ ಎದುರಿನ ಒಂದೇ ಒಂದು ಕಾರಿನ ಬೆಲೆಯನ್ನು ಸರಿಯಾಗಿ ಲೆಕ್ಕ ಹಾಕುವುದಿಲ್ಲ. ಒಂದೇ ಆವೃತ್ತಿಯ ಎರಡು ಕಾರುಗಳ ನಡುವಿನ ಅಂತರ, ಹೊಸ ಮಾದರಿ ತರುವ ಇಳಿತಕ್ಕಿಂತ ಎಷ್ಟೋ ಸಲ ದೊಡ್ಡದಿರುತ್ತದೆ.

675 ಎಲ್‌ಟಿಯ ಮುಂಭಾಗದ ಸ್ಪ್ಲಿಟರ್ (ಬಂಪರಿನ ಕೆಳಗೆ ನೆಲಕ್ಕೆ ಹತ್ತಿರ ಮುಂಚಾಚಿರುವ ಪಟ್ಟಿ) ದೊಡ್ಡದು ಮತ್ತು ಕಾರ್ಬನ್ನಿನದು. ಬೆರಳಿನಿಂದ ಅದರ ಕೆಳ ಅಂಚನ್ನು ಸವರಿ ನೋಡಿ. ಮೇಲಿನಿಂದ ಮಿಂಚುವ ಕಾರಿನಲ್ಲೂ ಅಲ್ಲಿ ನಾರು ಬಿಚ್ಚಿಕೊಂಡು ಒರಟಾಗಿರುವುದುಂಟು. ತೂಕ ಇಳಿಸಲು ಹಿಂಬದಿಯ ಕಿಟಕಿಯನ್ನು ಗಾಜಿನ ಬದಲು ಪಾಲಿಕಾರ್ಬೊನೇಟ್‌ನಲ್ಲಿ ಮಾಡಲಾಗಿದೆ. ಒಣಬಟ್ಟೆಯಲ್ಲಿ ಒರೆಸಿದವರ ಕಾರಿನಲ್ಲಿ, ಓರೆ ಬೆಳಕು ಬಿದ್ದಾಗ ಅದರ ಮೇಲೆ ಜೇಡರ ಬಲೆಯಂಥ ಗೀರುಗಳು ಕಾಣುತ್ತವೆ. ಇವೆರಡನ್ನೂ ಬದಲಾಯಿಸಬಹುದು. ಆದರೆ 500 ಕಾರುಗಳಿಗಾಗಿ ಮಾಡಿದ ಬಿಡಿಭಾಗಕ್ಕೆ ಎಷ್ಟು ಕಾಯಬೇಕು, ಎಷ್ಟು ತೆರಬೇಕು ಎಂಬುದನ್ನು ಒಪ್ಪಂದಕ್ಕೆ ಮುಂಚೆಯೇ ಬರಹದಲ್ಲಿ ಕೇಳಿ ಪಡೆಯಿರಿ. ಸರ್ವಿಸ್ ದಾಖಲೆಯಲ್ಲಿ ವರ್ಷಕ್ಕೊಂದು ಮುದ್ರೆ ಇದೆಯೇ, ನಡುವೆ ಖಾಲಿ ಬಿದ್ದ ವರ್ಷವಿದೆಯೇ ಎಂಬುದು ಓಡೊಮೀಟರಿಗಿಂತ ಹೆಚ್ಚು ಹೇಳುತ್ತದೆ.

ಪೋರ್ಷೆ ಕರೇರಾ ಜಿಟಿಯೂ ಒಮ್ಮೆ ಮೂಲ ಬೆಲೆಗಿಂತ ಕೆಳಗೆ ಸಿಗುತ್ತಿತ್ತು. 1,270 ಮಾತ್ರ ತಯಾರಾದ, ಮ್ಯಾನುಯಲ್ ಗೇರಿನ ಆ ವಿ10 ಕಾರನ್ನು ಆಗ ಕೊಂಡವರು ಇಂದು ಜಾಣರೆನಿಸಿದ್ದಾರೆ. ಎಂಜಿನ್ ಇಳಿಸಿ ಮಾಡುವ ದೊಡ್ಡ ಸರ್ವಿಸನ್ನು ಆ ವರ್ಷಗಳಲ್ಲಿ ಮುಂದೂಡಿದವರು ಮಾತ್ರ ಮಾರುವಾಗ ಅದರ ಪೂರ್ತಿ ಲೆಕ್ಕ ತೆತ್ತರು.

ಚಪ್ಪಟೆಆರು:

ಕಾಯಬೇಕೇ ಎಂಬ ಮೂಲ ಪ್ರಶ್ನೆಗೆ ಉತ್ತರಿಸುವುದು ಬಾಕಿಯಿತ್ತು. ಹೊಸ ಕಾರಿನ ಪಟ್ಟಿಯಲ್ಲಿ ಹೆಸರು ಬರೆಸುವವರು ಬಹುಮಟ್ಟಿಗೆ ಹಳೆಯ ಸೀಮಿತ ಆವೃತ್ತಿಗಳ ಮಾಲೀಕರೇ ಆಗಿರುತ್ತಾರೆ. ಮುಂಗಡ ಕೊಡುವಾಗ ಅವರಿಗೆ ಹಳೆಯದನ್ನು ಮಾರುವ ತುರ್ತು ಇರುವುದಿಲ್ಲ. ಪೂರ್ತಿ ಹಣ ಕಟ್ಟಬೇಕಾಗಿ ಬರುವ ವಿತರಣೆಯ ಹಿಂದಿನ ತಿಂಗಳುಗಳಲ್ಲಿ ಅದು ಹುಟ್ಟುತ್ತದೆ. ಘೋಷಣೆಯ ದಿನ ಜಾಹೀರಾತುಗಳ ಬೆಲೆ ಕದಲದಿದ್ದರೆ ನಿರಾಶರಾಗಬೇಡಿ. ಜಾಹೀರಾತಿನ ಬೆಲೆ ಬಹಳ ತಡವಾಗಿ ಬದಲಾಗುತ್ತದೆ. ಅದಕ್ಕೂ ಮುಂಚೆ, ಒಂದೇ ಕಾರು ವಾರಗಟ್ಟಲೆ ಮಾರಾಟವಾಗದೆ ಉಳಿಯುವುದು ಮತ್ತು ಅದರ ಪಕ್ಕದಲ್ಲಿ ಅಂಥದ್ದೇ ಇನ್ನೆರಡು ಬಂದು ನಿಲ್ಲುವುದು ಕಾಣುತ್ತದೆ. ಹರಾಜಿನಲ್ಲಿ ನಿಜವಾಗಿ ಮಾರಾಟವಾದ ಬೆಲೆಗಳನ್ನು ಮಾತ್ರ ನೋಡಿ, ಮತ್ತು ಅವುಗಳಲ್ಲಿ ಖರೀದಿದಾರ ತೆರುವ ಕಮಿಷನ್ ಸೇರಿದೆಯೇ ಎಂದು ವಿಚಾರಿಸಿ.

ನಿಮ್ಮ ಕಾರಿನ ಮಟ್ಟಿಗೆ ಹೇಳುವುದಾದರೆ, 720ಎಸ್ ಮತ್ತು 765 ಎಲ್‌ಟಿ ಎರಡರ ಪೆಟ್ಟನ್ನೂ ಅದು ಆಗಲೇ ತಿಂದಿದೆ. ಇನ್ನೊಂದು ಎಲ್‌ಟಿ ಬಂದರೆ ಹೆಚ್ಚು ಕಳೆದುಕೊಳ್ಳುವುದು 765 ಎಲ್‌ಟಿ ಎಂಬುದು ನನ್ನ ಅಂದಾಜು. ಆದ್ದರಿಂದ 675ಕ್ಕಾಗಿ ಘೋಷಣೆ ಕಾಯುವುದರಲ್ಲಿ ನನಗೆ ಲಾಭ ಕಾಣುತ್ತಿಲ್ಲ.

ಏಳನೇಗೇರ್:

ಸ್ಪ್ಲಿಟರಿನ ಅಡಿಭಾಗದ ಮತ್ತು ಓರೆ ಬೆಳಕಿನಲ್ಲಿ ತೆಗೆದ ಹಿಂಬದಿ ಕಿಟಕಿಯ ಚಿತ್ರಗಳನ್ನು ಮಾರುವವರಿಂದ ಕೇಳಿದ್ದೇನೆ. ಬಂದ ಮೇಲೆ ಇಲ್ಲಿಯೇ ಹಾಕುತ್ತೇನೆ. ಕಪ್ಪುಗ್ರೀಸ್ ಅವರು ದಯವಿಟ್ಟು ನೋಡಿ ಹೇಳಬೇಕು.