ಸಹಾಯ ಬೇಕು: ದೇವರ ಮುಂದೆ ಸುಮ್ನೆ ಕೂರೋದು ಹೇಗೆ?

ಎಲ್ಲರಿಗೂ ಯೇಸುವಿನ ನಾಮದಲ್ಲಿ ವಂದನೆಗಳು. ಬೇಡಿಕೊಳ್ಳುವ ಪ್ರಾರ್ಥನೆ ನನಗೆ ಅಭ್ಯಾಸವಿದೆ. ಮಾತಿಲ್ಲದೆ ಕೂರುವುದೇ ಕಷ್ಟ. ಬೆಳಿಗ್ಗೆ ಬೈಬಲ್‌ನ 1 ಅರಸುಗಳು 19ನೇ ಅಧ್ಯಾಯದಲ್ಲಿ ಪ್ರವಾದಿ ಎಲೀಯನ ಭಾಗ ನಿಧಾನವಾಗಿ ಓದುತ್ತೇನೆ. ದೇವರು ಗಾಳಿಯಲ್ಲಿರಲಿಲ್ಲ, ಭೂಕಂಪದಲ್ಲಿರಲಿಲ್ಲ, ಬೆಂಕಿಯಲ್ಲೂ ಇರಲಿಲ್ಲ. ಆಮೇಲೆ ಒಂದು ಮೆಲ್ಲನೆಯ ದನಿ. ಅಲ್ಲಿಗೆ ಬಂದು ಕಣ್ಣು ಮುಚ್ಚುತ್ತೇನೆ. ಎರಡೇ ನಿಮಿಷ! ಬೆರಳು ತಾನಾಗಿ ಪುಟ ತಿರುಗಿಸುತ್ತದೆ, ಇಲ್ಲವೇ ಅಮ್ಮನ ಮಾತ್ರೆ ನೆನಪಾಗುತ್ತದೆ.

16ನೇ ಶತಮಾನದಲ್ಲಿ ಸ್ಪೇನಿನಲ್ಲಿದ್ದ ಸನ್ಯಾಸಿನಿ, ಆವಿಲಾದ ಸಂತ ತೆರೇಸಾ ಅವರೂ ವರ್ಷಗಟ್ಟಲೆ ಪುಸ್ತಕ ಜೊತೆಗಿಲ್ಲದೆ ಪ್ರಾರ್ಥನೆಗೆ ಕೂರಲು ಹೆದರುತ್ತಿದ್ದರಂತೆ. ಅದು ತಿಳಿದು ಸ್ವಲ್ಪ ಧೈರ್ಯ ಬಂತು.

ಮನಸ್ಸು ಅಲೆದಾಗ ನೀವೇನು ಮಾಡುತ್ತೀರಿ? ಯೇಸುವಿನ ಹೆಸರನ್ನು ಮೆಲ್ಲಗೆ ಹೇಳಿಕೊಂಡರೆ ಸಾಕಾ, ಅಥವಾ ಅದೂ ಮಾತೇ ಆಗುತ್ತದಾ? ಅನುಭವ ಇರುವವರು ದಯವಿಟ್ಟು ಬರೆಯಿರಿ. ಆ ಮೌನ ನನಗೆ ನಿಜವಾಗಿಯೂ ಬೇಕು.