ಮೇಲಿನ ಗುಡ್ಡೆಯ ಕಾಡಿಗೆ ಕೆಳಗಿನ ನೀರಿನವರು ಹಣ ಕೊಡುವುದು ಹೇಗೆ?

ತೋಡಿನಬದಿ:
ಕಾಸರಗೋಡಿನ ಪೆರ್ಲದ ಕಡೆಯ ಬೈಲು. ತೋಡಿನ (ಸಣ್ಣ ಹಳ್ಳದ) ಬದಿಯ ಬಾವಿಯಿಂದ 140 ಮನೆಗಳಿಗೆ ನೀರು, ಮಾರ್ಚ್ ಕಳೆದರೆ ಟ್ಯಾಂಕರ್. ಮೇಲಿನ 20 ಎಕರೆ ಐದು ಮನೆಯವರದ್ದು. ಮೊದಲು ತೋಟಕ್ಕೆ ಸೊಪ್ಪು ಕಡಿಯುವ ಗುಡ್ಡೆ, ಈಗ ಅಕೇಶಿಯಾ, ಉಳಿದದ್ದು ಬೋಳು. ಅಲ್ಲಿ ಕಾಡು ಎಬ್ಬಿಸಲು ನೀರಿನವರು ಮನೆಗೆ ತಿಂಗಳಿಗೆ 20 ರೂಪಾಯಿ ಹೆಚ್ಚು ಹಾಕುವುದೆಂದು ಮಾತಾಗಿದೆ. ಹಣ ಯಾವುದಕ್ಕೆ ಕೊಡಬೇಕು? ನೀರು ಹೆಚ್ಚಿತೆಂದು ತಿಳಿಯುವುದು ಹೇಗೆ?

ಮಟ್ಟಗೋಲು:
ಮೊದಲು ಅಳತೆ, ಆಮೇಲೆ ಗಿಡ. ಎರಡು ಬೇಸಗೆಯ ಹರಿವು ಬರೆದಿಡದಿದ್ದರೆ ಮುಂದೆ ಜಗಳ ಖಂಡಿತ.

ತೋಡಿಗೆ ಅಡ್ಡ ತಗಡು ನಿಲ್ಲಿಸಿ, ಅದರಲ್ಲಿ 90 ಡಿಗ್ರಿಯ ‘ವಿ’ ಕಚ್ಚು ಕತ್ತರಿಸಿ. ಕಚ್ಚಿನ ತಳದಿಂದ ನೀರು 10 ಸೆಂ.ಮೀ. ಮೇಲಿದ್ದರೆ ಸೆಕೆಂಡಿಗೆ ಸುಮಾರು 4.4 ಲೀಟರ್, 5 ಸೆಂ.ಮೀ. ಇದ್ದರೆ ಬರೀ 0.8. ಬೆರಳಗಲ ತಪ್ಪಿದರೂ ಲೆಕ್ಕ ಎಲ್ಲಿಂದೆಲ್ಲಿಗೋ ಹೋಗುತ್ತದೆ. ಕಚ್ಚಿನ ಬಾಯಲ್ಲಿ ನೀರು ಬಾಗಿ ಇಳಿಯುವುದರಿಂದ ಅಲ್ಲಿ ಓದಬೇಡಿ. ನೀರು ಬರುವ ಬದಿಯಲ್ಲಿ, ಕಚ್ಚಿನಿಂದ ಅರ್ಧ ಮೀಟರ್ ಹಿಂದೆ ಅಳತೆಕೋಲು ನೆಟ್ಟು, ಅದರ ಸೊನ್ನೆಯನ್ನು ಕಚ್ಚಿನ ತಳಕ್ಕೆ ಸರಿಯಾಗಿ ಮಟ್ಟ ಮಾಡಿ. ತಗಡಿನ ಅಡಿಯಿಂದ ಸೋರದಂತೆ ಜೇಡಿಮಣ್ಣು ಒತ್ತಿ. ಕಚ್ಚಿನಲ್ಲಿ ಸಿಕ್ಕುವ ಒಂದು ಹಲಸಿನೆಲೆ ಸಾಕು, ಮಟ್ಟ ಏರಿದಂತೆ ತೋರಲು.

ಜನವರಿಯಿಂದ ಮೇವರೆಗೆ ವಾರಕ್ಕೊಮ್ಮೆ, ಬೆಳಗ್ಗೆ ತೋಟದ ಪಂಪು ಹಾಕುವ ಮೊದಲು ಓದಿ. ಮೇಲೆ ಯಾರಾದರೂ ಕಟ್ಟ ಕಟ್ಟಿದರೆ ಆ ತಾರೀಕೂ ಪುಸ್ತಕದಲ್ಲಿರಲಿ. ಏನೂ ಮಾಡದ ಪಕ್ಕದ ಗುಡ್ಡೆಯ ತೋಡನ್ನೂ ಹೀಗೆಯೇ ಅಳೆಯಿರಿ. ಅದಿಲ್ಲದೆ ಹೆಚ್ಚಿದ್ದು ಕಾಡಿನಿಂದಲೋ ಮಳೆಯಿಂದಲೋ ಹೇಳಲಾಗದು.

ಕಾಟುಮಾವು:
ಗಿಡ ನೆಟ್ಟರೆ ನೀರು ಬರುತ್ತದೆಂದು ದಯವಿಟ್ಟು ಒಪ್ಪಂದದಲ್ಲಿ ಬರೆಯಬೇಡಿ. ಮರವೂ ನೀರು ಕುಡಿಯುತ್ತದೆ. ಭರದಿಂದ ಬೆಳೆಯುವ ವರ್ಷಗಳಲ್ಲಿ ಬೇಸಗೆಯ ಹರಿವು ಕಡಿಮೆಯಾಗಲೂಬಹುದು. ಬೋಳು ನೆಲಕ್ಕೆ ತರಗೆಲೆ, ಬೇರು ಬಂದು ಮಳೆನೀರು ಇಂಗುವುದು ಮರ ಕುಡಿಯುವುದಕ್ಕಿಂತ ಹೆಚ್ಚಾದರೆ ಮಾತ್ರ ತೋಡಿಗೆ ಲಾಭ. ಹೆಕ್ಟೇರಿನಲ್ಲಿ ಒಂದು ಮಿ.ಮೀ. ಮಳೆ ಇಂಗಿದರೆ 10,000 ಲೀಟರ್, ಆದರೆ ಅದೆಲ್ಲ ನಿಮ್ಮ ತೋಡಿಗೇ ಬರುವುದಿಲ್ಲ.

ಅಕೇಶಿಯಾವನ್ನು ಒಮ್ಮೆಲೇ ಬೋಳಿಸಬೇಡಿ, ಮಳೆಗೆ ಮಣ್ಣು ತೊಳೆದುಹೋಗುತ್ತದೆ. ಪಟ್ಟಿ ಪಟ್ಟಿಯಾಗಿ ಕಡಿದು, ನಡುವೆ ಪುನರ್ಪುಳಿ, ಹೆಬ್ಬಲಸು, ನೇರಳೆ, ಕಿರಾಲುಬೋಗಿ ನೆಡಿ. ಬಿದ್ದ ಬೀಜದಿಂದ ಅಕೇಶಿಯಾ ಮತ್ತೆ ಮತ್ತೆ ಏಳುತ್ತದೆ, ಮೊದಲ ವರ್ಷಗಳಲ್ಲಿ ಕೀಳುವ ಕೂಲಿಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಬರೀ ಮುರಕಲ್ಲಿನ (ಜಂಬಿಟ್ಟಿಗೆ) ಪಾರೆಯಲ್ಲಿ ಗುಂಡಿ ತೋಡಿ ಗಿಡ ಇಡುವುದು ದುಡ್ಡು ಹಾಳು. ಅಲ್ಲಿ ಹುಲ್ಲು ಇರಲಿ, ಬೆಂಕಿ ಬೀಳದಂತೆ ನೋಡಿದರೆ ಸಾಕು. 2 ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ಅಷ್ಟೇ ಆಳದ ಇಂಗುಗುಂಡಿ 500 ಲೀಟರ್ ಹಿಡಿಯುತ್ತದೆ. ಕಡಿದಾದ ಇಳಿಜಾರಿನಲ್ಲಿ ಮಾತ್ರ ಅದು ಬೇಡವೇ ಬೇಡ, ಗುಡ್ಡೆ ಜರಿಯುತ್ತದೆ.

ಲೆಕ್ಕಪುಸ್ತಕ:
ನಿಮ್ಮ ಲೆಕ್ಕಕ್ಕೆ ವರ್ಷಕ್ಕೆ 33,600 ರೂಪಾಯಿ, ಎಕರೆಗೆ 1,680. ಗುಂಡಿ ತೋಡುವ ಕೂಲಿಯನ್ನೂ ಇದರಲ್ಲೇ ಕೊಡಹೊರಟರೆ ಮುಗಿಯಿತು. ಅದನ್ನು ಉದ್ಯೋಗ ಖಾತರಿಗೆ ಹಾಕಿಸಿ. ಈ ಹಣ ಕಾಯುವುದಕ್ಕೆ, ಕಳೆ ಕೀಳುವುದಕ್ಕೆ, ಬೆಂಕಿ ದಾಟದಂತೆ ಬೆಂಕಿದಾರಿ ಗೀಚುವುದಕ್ಕೆ. ದರಕ್ಕೆ ಎರಡು ಗಡಿ: ಗುಡ್ಡೆಯವರು ಬಿಟ್ಟುಕೊಡುವ ಸೌದೆ, ಸೊಪ್ಪು, ಗೇಣಿಗಿಂತ ಕಡಿಮೆಯಾದರೆ ಅವರು ಒಪ್ಪುವುದಿಲ್ಲ, ಉಳಿಯುವ ಟ್ಯಾಂಕರ್ ಖರ್ಚಿಗಿಂತ ಹೆಚ್ಚಾದರೆ ನೀವು ಕೊಡುವುದಿಲ್ಲ.

ಹಿಮಾಚಲದ ಪಾಲಂಪುರದಲ್ಲಿ 2010ರಲ್ಲಿ ನಗರಸಭೆ ಬೋಹಲ್ ಒರತೆಯ ಮೇಲಿನ ಕಾಡು ಕಾಯುವ ಹಳ್ಳಿಯವರಿಗೆ ವರ್ಷಕ್ಕೆ 10,000 ರೂಪಾಯಿ ಕೊಡಲು ಒಪ್ಪಂದ ಮಾಡಿಕೊಂಡಿತು. ಕೇರಳದಲ್ಲೇ 2020ರಿಂದ ಗದ್ದೆ ಉಳಿಸಿದವರಿಗೆ ಹೆಕ್ಟೇರಿಗೆ 2,000 ರೂಪಾಯಿ ರಾಯಲ್ಟಿ ಶುರುವಾಯಿತು. ನೀರು ಹಿಡಿಯುವ ನೆಲಕ್ಕೆ ದುಡ್ಡು ಕೊಡುವುದು ಪಂಚಾಯತಿನಲ್ಲಿ ಹೊಸ ಮಾತಲ್ಲ.

ತೋಡಿನಬದಿ:
ಹಾಗಾದರೆ ಹರಿವು ಹೆಚ್ಚಿದಷ್ಟಕ್ಕೇ ಹಣ ಕೊಡಬಹುದಲ್ಲ?

ಲೆಕ್ಕಪುಸ್ತಕ:
ಬೇಡ. ಮಳೆ ಕೈಕೊಟ್ಟ ವರ್ಷದ ನಷ್ಟವನ್ನು ಗುಡ್ಡೆಯವರ ತಲೆಗೆ ಕಟ್ಟಿದಂತಾಗುತ್ತದೆ. ಕೆಲಸ ನೋಡಿ ಹಣ ಕೊಡಿ: ಅರ್ಧ ಹಣ ನವೆಂಬರಿನಲ್ಲಿ, ಬದುಕಿ ಉಳಿದ ಗಿಡ ಎಣಿಸಿ, ಇನ್ನರ್ಧ ಮೇ ಕೊನೆಗೆ, ಬೆಂಕಿ ಬಿದ್ದಿಲ್ಲವೆಂದು ಗುಡ್ಡೆ ಹತ್ತಿ ನೋಡಿ. ತೋಡಿನ ಅಳತೆ ಐದು ವರ್ಷಕ್ಕೊಮ್ಮೆ ಒಪ್ಪಂದ ಮುಂದುವರಿಸುವಾಗ ತೆರೆಯುವ ಪುಸ್ತಕ. ಮರ, ಜಾಗ ಎರಡೂ ಮಾಲೀಕರದ್ದೇ ಎಂಬುದು ಒಪ್ಪಂದದ ಮೊದಲ ಸಾಲಾಗಲಿ. ಅದಿಲ್ಲದೆ ಐವರಲ್ಲಿ ಒಬ್ಬರೂ ಸಹಿ ಹಾಕಲಿಕ್ಕಿಲ್ಲ.